ಪರವೂರಿನವಳ ದೂರು

ಮಾರ್ಗಶಿರದ ಷಷ್ಠಿ ಕಳೆದು ನಾಲ್ಕೈದು ದಿನವಾಗಿತ್ತು. ರಾಮನಾಥಪುರದ ಸುಬ್ರಹ್ಮಣ್ಯಸ್ವಾಮಿಯ ತೇರು ಮುಗಿದಿದ್ದರೂ ಜಾತ್ರೆಯ ಅಂಗಡಿಗಳು ಇನ್ನೂ ಎದ್ದಿರಲಿಲ್ಲ. ಆ ದಿನಗಳಲ್ಲಿ ನಮ್ಮ ಕೊಣನೂರಿಗೂ ಹೊಸ ಮುಖಗಳು ಬರುತ್ತವೆ. ಸ್ವಾಮಿಯ ದರ್ಶನ ಮಾಡಿ, ವಹ್ನಿ ಪುಷ್ಕರಿಣಿಯ ಮೀನಿಗೆ ಪುರಿ ಹಾಕಿ, ಹಾಗೇ ಇತ್ತ ಬಂದು ಕಾವೇರಿಯ ಮೇಲಿನ ತೂಗುಸೇತುವೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುವವರು.

ದೀಪ ಹಚ್ಚುವ ಹೊತ್ತಿನಲ್ಲಿ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಇಪ್ಪತ್ತೆರಡರ ಆಸುಪಾಸು. ಬಸ್ ಸ್ಟ್ಯಾಂಡಿನ ಅಂಗಡಿಯವನು, "ಅಲ್ಲಿ ಟೀಚರಮ್ಮನ ಮನೆ ಇದೆ, ಕೇಳಿ ನೋಡಿ" ಎಂದು ಕಳಿಸಿದ್ದನಂತೆ. ಹುಬ್ಬಳ್ಳಿ ಕಡೆಯವಳು, ಮೈಸೂರಿನಲ್ಲಿ ಓದುತ್ತಿದ್ದಾಳೆ. ಕುಶಾಲನಗರದ ಕಡೆಯಿಂದ ಬಂದ ಬಸ್ಸಿನಲ್ಲಿ ನಿದ್ದೆ ಹತ್ತಿ, ಇಳಿಯುವಾಗ ನೋಡಿದರೆ ಬ್ಯಾಗಿಲ್ಲ. ಫೋನು, ದುಡ್ಡು, ಕಾಲೇಜಿನ ಕಾರ್ಡು ಎಲ್ಲಾ ಅದರಲ್ಲೇ. ಒಳಗೆ ಕರೆದು ಕೂರಿಸಿ ನೀರು ಕೊಟ್ಟೆ. ಅರ್ಧ ಲೋಟ ಕುಡಿದು ಮೆಲ್ಲಗೆ ಕೇಳಿದಳು:

"ಇಲ್ಲಿ ಪೊಲೀಸರು ಹೆಂಗ್ರೀ ಆಂಟಿ? ನಂಬಿ ಹೋಗಬಹುದೇನ್ರೀ?"

ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳು ನಾನು. ಪಾಣಿಪತ್ ಕದನಗಳ ಇಸವಿ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಈ ಪ್ರಶ್ನೆಗೆ ನಾಲಿಗೆ ಏಳಲಿಲ್ಲ. "ಕಾಫಿ ಮಾಡ್ತೀನಿ ಇರಮ್ಮ" ಎಂದು ಒಳಗೆ ಹೋದೆ.

ನಾಲಿಗೆ ಏಳದಿದ್ದುದಕ್ಕೆ ಕಾರಣ 1978ರಷ್ಟು ಹಳೆಯದು. ಆಗ ನನ್ನ ಮದುವೆಯಾಗಿ ಎರಡು ವರ್ಷ. ಅಕ್ಕನ ಜೊತೆ ಒಂದು ಯಾತ್ರೆಯ ಊರಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ದೇವಸ್ಥಾನದ ನೂಕುನುಗ್ಗಲಿನಲ್ಲಿ ನನ್ನ ಕೊರಳಲ್ಲಿದ್ದ ಎರಡೆಳೆ ಸರ ಹೋಯಿತು. ಅತ್ತೆ ಮನೆಯವರು ಧಾರೆಯಲ್ಲಿ ಹಾಕಿದ್ದ ಸರ. ಅಳುತ್ತಾ ಠಾಣೆಗೆ ಹೋದೆವು. ಮೇಜಿನ ಹಿಂದೆ ಕೂತಿದ್ದವರು ಕೇಳಿದ ಮೊದಲ ಪ್ರಶ್ನೆ, "ಗಂಡಸರು ಯಾರೂ ಬಂದಿಲ್ವಾ?" ಎರಡನೆಯದು, "ಅಷ್ಟು ಬಂಗಾರ ಹಾಕ್ಕೊಂಡು ಯಾಕೆ ಬಂದ್ರಿ?" ಮೂರನೆಯ ಪ್ರಶ್ನೆ ಇರಲಿಲ್ಲ. ಹೆಸರು, ವಿಳಾಸವನ್ನು ಯಾವುದೋ ರದ್ದಿ ಹಾಳೆಯಲ್ಲಿ ಗೀಚಿಕೊಂಡು, "ಸಿಕ್ಕರೆ ಹೇಳಿ ಕಳಿಸ್ತೀವಿ" ಎಂದರು. ಕೈಗೆ ಒಂದು ಚೀಟಿಯನ್ನೂ ಕೊಡಲಿಲ್ಲ. ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ.

ಸರ ಹೋದದ್ದಕ್ಕಿಂತ ದೊಡ್ಡ ಸಂಕಟ ಮನೆಗೆ ಬಂದ ಮೇಲೆ. ನಮ್ಮತ್ತೆ ಬಾಯಿಬಿಟ್ಟು ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಪೊಲೀಸಿಗೆ ಕೊಟ್ಟ ದೂರಿನ ಕಾಗದ ಎಲ್ಲಿ?" ಇಲ್ಲವೆಂದೆ. "ಹೂಂ" ಎಂದರು. ಆ ವರ್ಷ ನನ್ನ ತಂಗಿಯ ಮದುವೆಯಿತ್ತು. ಸರ ತವರಿಗೆ ಹೋಗಿದೆ ಎಂದು ಅವರು ತಿಳಿದಿದ್ದಾರೆ ಎಂಬುದು ನನಗೆ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಅವರು ತೀರಿಕೊಳ್ಳುವವರೆಗೂ, ಇಪ್ಪತ್ತು ವರ್ಷ, ಆ "ಹೂಂ" ನಮ್ಮಿಬ್ಬರ ನಡುವೆ ಇತ್ತು. ಓದುವ ನಿಮಗೆ ಇದು ಸಣ್ಣದೆನಿಸಲಾರದು ಎಂದುಕೊಂಡಿದ್ದೇನೆ.

ಆಮೇಲೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲಾ ಓದುವ ಚಟ ನನಗೆ ಹತ್ತಿತು. ದಾರಿಹೋಕರನ್ನು ಕಾಯುವುದು ಯಾರ ಕೆಲಸ, ಕಾಯುವವನನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ನಮ್ಮ ನೆಲದಲ್ಲಿ ಬಹಳ ಹಳೆಯದು.

ನಮ್ಮ ಹಾಸನ ಸೀಮೆಯ ಊರುಗಳಲ್ಲಿ ಕೆರೆ ಏರಿಯ ಮೇಲೋ ದೇವಸ್ಥಾನದ ಪಕ್ಕದಲ್ಲೋ ವಾಲಿ ನಿಂತ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಹಳೆಗನ್ನಡದ ಶಾಸನಗಳಲ್ಲಿ ವೀರರು ಸತ್ತ ಕಾರಣ ಹೇಳುವ ಮಾತುಗಳಿವೆ. ತುರುಗೋಳ್ ಎಂದರೆ ದನಗಳ ಸೆರೆ, ಊರಳಿವು ಎಂದರೆ ಊರಿನ ನಾಶ. ಇನ್ನೊಂದು, ಪೆಣ್ಬುಯ್ಯಲ್. ಹೆಣ್ಣಿನ ಬೊಬ್ಬೆ. ಹೆಂಗಸರ ಕೂಗು ಕೇಳಿ ಓಡಿಹೋಗಿ ಬಿಡಿಸಲು ಹೋರಾಡಿ ಸತ್ತವನಿಗೆ ಊರು ಕಲ್ಲು ನೆಟ್ಟಿತು. ಅವರ ಮೈಮೇಲೆ ಇಂದಿನಂಥ ಸಮವಸ್ತ್ರವಿರಲಿಲ್ಲ. ಕೂಗು ಕೇಳಿತು, ಹೋದರು.

ಆದರೆ ಎಲ್ಲರೂ ವೀರರಾಗಿರುವುದಿಲ್ಲ. ಅದಕ್ಕೇ ಹಿರಿಯರು ಕಾನೂನು ಮಾಡಿದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ವ್ಯವಸ್ಥೆ ಇದೆ. ಊರಿನಲ್ಲಿ ತಂಗುವ ವ್ಯಾಪಾರಿ ತನ್ನ ಸರಕಿನ ಬೆಲೆಯನ್ನು ಮೊದಲೇ ತಿಳಿಸಬೇಕು. ರಾತ್ರಿ ಅದು ಕಳುವಾದರೆ ಊರಿನ ಮುಖ್ಯಸ್ಥನೇ ತುಂಬಿಕೊಡಬೇಕು. ಎರಡು ಊರುಗಳ ನಡುವೆ ಕಳುವಾದರೆ ಅದಕ್ಕೂ ಹೊಣೆಯ ಅಧಿಕಾರಿ ಬೇರೆ. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯದೂ ಇದೇ ಮಾತು: ಕಳ್ಳನ ಹೆಜ್ಜೆ ಊರಿನಿಂದ ಹೊರಗೆ ಹೋದದ್ದನ್ನು ತೋರಿಸಲಾಗದಿದ್ದರೆ ದೋಷ ಊರಿನ ಒಡೆಯನದು.

ನಮ್ಮ ಹಳ್ಳಿಗಳ ತಳವಾರನ ಕೆಲಸ ನಿಂತಿದ್ದುದು ಈ ಹೊಣೆಯ ಮೇಲೆ. ಅವನಿಗೆ ಇನಾಮು ಭೂಮಿ, ಕಣದಲ್ಲಿ ಕಾಳು. ಪ್ರತಿಯಾಗಿ ರಾತ್ರಿ ಗಸ್ತು, ಹೊಸಬರ ಮೇಲೆ ಕಣ್ಣು, ಕಳುವಾದರೆ ಹೆಜ್ಜೆ ಹಿಡಿದು ಹೋಗಿ ಪಕ್ಕದ ಊರಿನ ಎಲ್ಲೆಗೆ ಮುಟ್ಟಿಸುವುದು. ಪರವೂರಿನವನ ಗಂಟು ಹೋದರೂ ಜವಾಬು ಊರಿನದೇ. ಕೇಳಲು ಎಷ್ಟು ಚೆನ್ನಾಗಿದೆ! ನಾನೂ ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಆದರೆ ನಾಣ್ಯಕ್ಕೆ ಇನ್ನೊಂದು ಮುಖ ಇದ್ದೇ ಇದೆ. ತುಂಬಿಕೊಡಬೇಕಾದ ಭಯಕ್ಕೆ ಯಾರನ್ನಾದರೂ ಹಿಡಿದು ಬಡಿದು ಒಪ್ಪಿಸುವುದು ಸುಲಭ. ಕಳ್ಳನ ಜೊತೆ ಪಾಲು ಮಾಡಿಕೊಳ್ಳುವುದು ಇನ್ನೂ ಸುಲಭ.

ಅದಕ್ಕೆ ಸಾಕ್ಷಿ ದೂರದ್ದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಜನ ಫಾಸಿಗಾರರನ್ನು ಹಿಡಿದರು. ದಾರಿಹೋಕರ ಕೊರಳಿಗೆ ಕುಣಿಕೆ ಹಾಕಿ ಕೊಂದು ದೋಚುವವರು. ಮದರಾಸಿನ ವೈದ್ಯ ಷೆರ್‌ವುಡ್ 1816ರಲ್ಲಿ ಇವರ ಬಗ್ಗೆ ಬರೆದಾಗ ಕನ್ನಡದಲ್ಲಿ ಇವರಿಗೆ ‘ತಂತಿ ಕಳ್ಳರು’ ಎನ್ನುತ್ತಾರೆಂದು ದಾಖಲಿಸಿದ. ಅವರು ದಾರಿಹೋಕರಂತೆಯೇ ಬಂದು, ಜೊತೆಗೆ ಕುಳಿತು, ಮಾತಾಡಿಸಿ, ನಂಬಿಸಿ ಆಮೇಲೆ ಕೊಲ್ಲುತ್ತಿದ್ದರು. ಪ್ರಾಂತ್ಯದ ಕೆಲವು ಪಾಳೆಯಗಾರರು ಅವರಿಗೆ ಆಶ್ರಯ ಕೊಟ್ಟು ಲೂಟಿಯಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದರೆಂದೂ ಅವನೇ ಬರೆದಿದ್ದಾನೆ. ಕಾಯಬೇಕಾದವನೇ ಪಾಲುದಾರನಾದರೆ ದಾರಿಹೋಕ ಯಾರ ಬಾಗಿಲು ತಟ್ಟಬೇಕು?

ಮೈಸೂರಿನಲ್ಲಿ ಪೂರ್ಣಯ್ಯನವರ ಕಾಲಕ್ಕೆ ಕಂದಾಚಾರದ ಪೇದೆಗಳಿದ್ದರು. ಅವರು ಅರ್ಧ ಸಿಪಾಯಿ, ಅರ್ಧ ಪೊಲೀಸು. ಪಕ್ಕದ ಮದರಾಸಿನ ಕಥೆ ಬೇರೆಯೇ. ಅಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಗೆ ಪಡೆಯುವುದಕ್ಕೂ ಜನರನ್ನು ಹಿಂಸಿಸುತ್ತಾರೆಂಬ ದೂರು ಲಂಡನ್ನಿನ ತನಕ ಹೋಗಿ, ವಿಚಾರಣೆಗೆ ಕೂತ ಆಯೋಗ 1855ರಲ್ಲಿ ಅದು ನಿಜವೆಂದು ವರದಿ ಕೊಟ್ಟಿತು. 1861ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಪೊಲೀಸ್ ಕಾಯಿದೆ ಬಂತು. ಸಂಬಳದ ಪೊಲೀಸು, ಸಮವಸ್ತ್ರ, ವರ್ಗಾವಣೆ. ತಳವಾರ ಊರಿನವನಾಗಿದ್ದ, ಇವರು ಸರ್ಕಾರದವರು. ಕಳುವಾದದ್ದನ್ನು ತುಂಬಿಕೊಡುವ ಮಾತು ಅಲ್ಲಿಗೆ ಮುಗಿಯಿತು.

ನನಗೆ ಅತಿ ಆಶ್ಚರ್ಯವಾದದ್ದು 1872ರ ಸಾಕ್ಷ್ಯ ಕಾಯಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲ ಎಂದು ಅದರ 25ನೆಯ ಕಲಮು ಹೇಳಿತು. ಪೊಲೀಸರನ್ನು ಹುಟ್ಟಿಸಿದ ಸರ್ಕಾರವೇ ಹನ್ನೊಂದು ವರ್ಷಕ್ಕೆ, "ಇವರ ಮಾತನ್ನು ಪೂರ್ತಾ ನಂಬಬೇಡಿ" ಎಂದು ಕೋರ್ಟಿಗೆ ಹೇಳಿದ ಹಾಗೆ! 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಆ ನಿಯಮ ಉಳಿದಿದೆ, 23ನೆಯ ಕಲಮಿನಲ್ಲಿ.

ಹೆಂಗಸರ ಪಾಲಿಗೆ ಈ ಕಥೆ ಇನ್ನೂ ಕಹಿ. 1972ರಲ್ಲಿ ಮಹಾರಾಷ್ಟ್ರದ ಒಂದು ಠಾಣೆಯೊಳಗೇ ಒಬ್ಬ ಬುಡಕಟ್ಟು ಹುಡುಗಿಯ ಮೇಲೆ ಅತ್ಯಾಚಾರವಾಯಿತೆಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಅದನ್ನು ಪ್ರಶ್ನಿಸಿ ಬಹಿರಂಗ ಪತ್ರ ಬರೆದರು. ದೇಶದ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಹೆಂಗಸನ್ನು ವಿಚಾರಣೆಗೆಂದು ಠಾಣೆಗೆ ಕರೆಸುವಂತಿಲ್ಲ, ಅವಳಿರುವಲ್ಲಿಗೇ ಬಂದು ಕೇಳಬೇಕು ಎಂಬ ನಿಯಮ ಮೊದಲೇ ಇತ್ತು. ಸೂರ್ಯ ಮುಳುಗಿದ ಮೇಲೆ, ತೀರಾ ವಿಶೇಷ ಸಂದರ್ಭ ಬಿಟ್ಟರೆ, ಅವಳನ್ನು ಬಂಧಿಸುವಂತಿಲ್ಲ ಎಂಬ ನಿಯಮ 2005ರ ತಿದ್ದುಪಡಿಯಲ್ಲಿ ಬಂತು. ಒಂದೊಂದು ನಿಯಮದ ಹಿಂದೆಯೂ ಯಾರೋ ಒಬ್ಬಳ ಕಣ್ಣೀರಿದೆ ಎಂದು ನನಗೆ ಅನ್ನಿಸುತ್ತದೆ.

ಹಾಗೆಂದು ಪೊಲೀಸರೇ ಬೇಡವೆನ್ನಲಾಗುತ್ತದೆಯೇ? 2025ರ ಮಾರ್ಚ್ 6ರ ರಾತ್ರಿ ಹಂಪಿಗೆ ಹತ್ತಿರದ ಸಾಣಾಪುರದಲ್ಲಿ, ನಕ್ಷತ್ರ ನೋಡುತ್ತಾ ಕಾಲುವೆಯ ದಡದಲ್ಲಿ ಕುಳಿತಿದ್ದ ಪ್ರವಾಸಿಗರ ಮೇಲೆ ದಾಳಿಯಾಯಿತು. ಗಂಡಸರನ್ನು ನೀರಿಗೆ ತಳ್ಳಿದರು, ಒಬ್ಬ ಸತ್ತ. ವಿದೇಶದಿಂದ ಬಂದಿದ್ದ ಹೆಣ್ಣುಮಗಳ ಮೇಲೂ, ಅವರನ್ನು ಕರೆದುಕೊಂಡು ಹೋಗಿದ್ದ ಅಲ್ಲಿಯ ಹೋಂಸ್ಟೇಯ ಹೆಣ್ಣುಮಗಳ ಮೇಲೂ ಅತ್ಯಾಚಾರವಾಯಿತು. ಕೆಲವೇ ದಿನಗಳಲ್ಲಿ ಪೊಲೀಸರು ಮೂವರನ್ನು ಹಿಡಿದರು, ಒಬ್ಬನನ್ನು ಚೆನ್ನೈನಿಂದ. ಆ ಹೆಂಗಸರು ಬಾಯಿಬಿಟ್ಟು ದೂರು ಕೊಟ್ಟದ್ದರಿಂದಲೇ ಹಿಡಿಯಲಾಯಿತು. ಆ ರಾತ್ರಿಯ ಪೆಣ್ಬುಯ್ಯಲ್ ಹೊತ್ತಿಗೆ ಸರಿಯಾಗಿ ಯಾರಿಗೂ ಕೇಳಿಸಲಿಲ್ಲ ಎನ್ನುವುದೂ ಅಷ್ಟೇ ನಿಜ.

ಕಾಫಿ ಉಕ್ಕಿತು. ತಂದು ಕೊಟ್ಟು, "ಕುಡಿ, ನಾನೂ ಬರ್ತೀನಿ" ಎಂದೆ.

ನಮ್ಮೂರಿನ ಠಾಣೆಯಲ್ಲಿ ಮೇಜಿನ ಮುಂದಿದ್ದ ಹೆಡ್ ಕಾನ್‌ಸ್ಟೇಬಲ್ ನನ್ನ ಹಳೆಯ ವಿದ್ಯಾರ್ಥಿ. ಹಳೆಯ ಅಗಲ ಅಂಚಿನ ಟೋಪಿಗೆ ಬದಲಾಗಿ 2025ರ ಅಕ್ಟೋಬರ್‌ನಲ್ಲಿ ಸರ್ಕಾರ ತಂದ ನೀಲಿ ಟೋಪಿ ಪಕ್ಕದಲ್ಲಿತ್ತು. ಎದ್ದು ನಿಂತು, "ಏನ್ ಟೀಚರ್, ಇಷ್ಟೊತ್ನಲ್ಲಿ?" ಎಂದ. ಹುಡುಗಿಗೆ ಕುರ್ಚಿ ಹಾಕಿಸಿ, ಮಹಿಳಾ ಪೇದೆಯನ್ನು ಕರೆದ. ಅವಳು ಅಳುಕುತ್ತಾ, "ಬ್ಯಾಗ್ ಎಲ್ಲಿ ಹೋತೋ ಗೊತ್ತಿಲ್ರೀ, ಕೊಡಗಿನಾಗೋ ಹಾಸನದಾಗೋ" ಎಂದಳು. ಅವನು ಪೆನ್ನು ತೆಗೆಯುತ್ತಾ, "ಅದು ನಮ್ಮ ತಲೆನೋವು ಬಿಡಮ್ಮ. ಎಲ್ಲಿ ಆಗಿದ್ರೂ ಇಲ್ಲಿ ಬರ್ಕೊಳ್ತೀವಿ. ನಮ್ಮ ಸರಹದ್ದಲ್ದಿದ್ರೆ ಆ ಠಾಣೆಗೆ ಕಳಿಸ್ತೀವಿ" ಎಂದ. ಜೀರೋ ಎಫ್‌ಐಆರ್ ಎನ್ನುವುದು ಇದನ್ನೇ. ಮೊದಲು ಆದೇಶಗಳ ಮಟ್ಟದಲ್ಲಿದ್ದದ್ದು ಈಗ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಲ್ಲೇ ಸೇರಿದೆ.

ಬರೆದದ್ದನ್ನು ಓದಿ ಹೇಳಿದರು. ಅವಳು ಸಹಿ ಮಾಡಿದಳು. ಪ್ರತಿಯೊಂದು ಅವಳ ಕೈಗೆ ಬಂತು. ಒಂದು ಪೈಸೆ ಖರ್ಚಿಲ್ಲ. ನಾನು ಆ ಹಾಳೆಯನ್ನೇ ನೋಡುತ್ತಾ ಕುಳಿತಿದ್ದೆ. ದೂರು ಕೊಟ್ಟವರಿಗೆ ಪುಕ್ಕಟೆಯಾಗಿ ಪ್ರತಿ ಕೊಡಬೇಕೆಂಬ ನಿಯಮ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. 1978ರಲ್ಲಿ ಅದು ನನ್ನ ಹಕ್ಕಾಗಿತ್ತು. ಆ ಹಾಳೆಯೊಂದು ಕೈಯಲ್ಲಿದ್ದಿದ್ದರೆ ನಮ್ಮತ್ತೆಯ ಮುಂದೆ ಇಟ್ಟು ತಲೆಯೆತ್ತಿ ನಿಲ್ಲುತ್ತಿದ್ದೆ.

ಹೊರಗೆ ಬಂದ ಮೇಲೆ ಹುಡುಗಿ ನನ್ನ ಕೈ ಹಿಡಿದು, "ಪಾಪ, ಭಾಳ ಚಲೋ ಅದಾರ್ರೀ ಇವ್ರು" ಎಂದಳು. ಎರಡು ಹೆಜ್ಜೆ ನಡೆದು ನಿಂತಳು. "ನೀವು ಬರದೇ ಇದ್ದಿದ್ರ?"

ಓದಿದ್ದೆಲ್ಲವೂ ಆ ಪ್ರಶ್ನೆಯ ಮುಂದೆ ಬಂದು ನಿಂತಿತು. ನನ್ನ ವಿದ್ಯಾರ್ಥಿ ಒಳ್ಳೆಯವನು, ನಾನಿಲ್ಲದಿದ್ದರೂ ಹೀಗೇ ನಡೆದುಕೊಳ್ಳುತ್ತಿದ್ದ ಎಂದು ನಂಬುತ್ತೇನೆ. ಆದರೆ ಊರಿನವರಿಗೆ ಠಾಣೆಯಲ್ಲಿ ಒಬ್ಬ ವಿದ್ಯಾರ್ಥಿ, ಒಬ್ಬ ನೆಂಟ, ಒಬ್ಬ ಪರಿಚಯದವನು ಸಿಗುತ್ತಾನೆ. ಪರವೂರಿನವಳಿಗೆ ಯಾರೂ ಇಲ್ಲ. ಒಳ್ಳೆಯ ಮನುಷ್ಯ ಸಿಕ್ಕಾನೆಂಬ ಅದೃಷ್ಟದ ಮೇಲೆ ಅವಳು ಪ್ರವಾಸ ಮಾಡಲಾಗುವುದಿಲ್ಲ. ಹಿಂದಿನವರು ತಳವಾರನ ಗುಣವನ್ನು ಮಾತ್ರ ನಂಬಿ ಕೂರಲಿಲ್ಲ, ಅವನ ಮೇಲೆ ಹೊಣೆ ಹೊರಿಸಿದರು. ಈಗ ಆ ಹೊಣೆ ಇರುವುದು ಕಾಗದದಲ್ಲಿ. ಬರೆದುಕೊಂಡವರ ಸಹಿ, ದಿನಾಂಕ, ನಂಬರು ಇರುವ ಕಾಗದ ಕೈಗೆ ಬಂದರೆ ಮೇಲಿನವರನ್ನು ಕೇಳಬಹುದು, ಕೋರ್ಟಿನಲ್ಲಿ ಕೇಳಬಹುದು. ಬರೆದುಕೊಳ್ಳದಿದ್ದರೆ ಜಿಲ್ಲಾ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ದೂರು ಕಳಿಸಬಹುದು ಎಂದೂ ಅದೇ ಕಾನೂನು ಹೇಳುತ್ತದೆ. ಅವಸರಕ್ಕೆ 112 ಇದೆ.

ಇಷ್ಟನ್ನೂ ದಾರಿಯಲ್ಲಿ ಅವಳಿಗೆ ಹೇಳಿದೆ. ಪಾಠ ಹೇಳುವ ಅಭ್ಯಾಸ ಹೋಗುವುದಿಲ್ಲ ನೋಡಿ. "ನಂಬಬಹುದಾ ಅಂತ ಕೇಳಿದೆಯಲ್ಲ? ನಂಬಿ ಹೋಗು. ಆದರೆ ಕಾಗದ ತಗೊಳ್ಳದೆ ಎದ್ದು ಬರಬೇಡ" ಎಂದೆ.

ರಾತ್ರಿ ನಮ್ಮ ಮನೆಯಲ್ಲೇ ಉಂಡು ಮಲಗಿ, ಬೆಳಗಿನ ಬಸ್ಸಿಗೆ ಅವಳು ಮೈಸೂರಿಗೆ ಹೋದಳು. ಬ್ಯಾಗು ಇದುವರೆಗೂ ಸಿಕ್ಕಿಲ್ಲ. ಆದರೆ ಆ ಪ್ರತಿ ತೋರಿಸಿ ಕಾಲೇಜಿನಲ್ಲಿ ಹೊಸ ಕಾರ್ಡು ಮಾಡಿಸಿಕೊಂಡಳಂತೆ, ಅದೇ ನಂಬರಿನ ಸಿಮ್ಮೂ ಸಿಕ್ಕಿತಂತೆ. ಫೋನು ಮಾಡಿ ಹೇಳಿದಳು. "ಮನ್ಯಾಗ ಅಪ್ಪ ಬೈದ್ರು ಆಂಟಿ, ಕಳಕೊಂಡಿಯೋ ಮಾರಿದಿಯೋ ಅಂತ. ಕಾಗದ ತೋರಿಸಿದೆ. ಸುಮ್ಮನಾದ್ರು" ಎಂದು ನಕ್ಕಳು.

ನಾನೂ ನಕ್ಕೆ. ಫೋನು ಇಟ್ಟ ಮೇಲೆ ನಡುಮನೆಯ ಗೋಡೆಯಲ್ಲಿದ್ದ ನಮ್ಮತ್ತೆಯ ಫೋಟೋದ ಕಡೆ ಕಣ್ಣು ಹೋಯಿತು. ಹಾರ ಬಾಡಿತ್ತು. ತೆಗೆದು ಹೊಸದು ಹಾಕಿದೆ.