ಗುಜರಿ ಅಂತ ಬಿಟ್ಟುಹೋದ ಬಾಂಬರ್‌ಗಳು ಬೆಂಗಳೂರಿಗೆ ಹಾರಿ ಬಂದ ಕಥೆ

(ಸಂಚಿಕೆಯ ಬರಹ ರೂಪ)

 

ಬಿ.ಕಾಂ. ಓದಿದವರಿಗೆ ಡಿಪ್ರಿಸಿಯೇಷನ್ ಲೆಕ್ಕ ನೆನಪಿರುತ್ತೆ. ಮಷಿನ್ ಬೆಲೆ 1 ಲಕ್ಷ, ಆಯಸ್ಸು 10 ವರ್ಷ, ಕೊನೆಗೆ ಸ್ಕ್ರ್ಯಾಪ್ ವ್ಯಾಲ್ಯೂ 10 ಸಾವಿರ. ಕಳೆಯಿರಿ, ಭಾಗಿಸಿ, ವರ್ಷಕ್ಕೆ 9 ಸಾವಿರ ಅಂತ ಬರೆಯಿರಿ, ಮುಗೀತು. ಆ 10 ಸಾವಿರ ಎಲ್ಲಿಂದ ಬಂತು ಅಂತ ನಾವ್ಯಾರೂ ಕೇಳಲಿಲ್ಲ. ಪ್ರಶ್ನೆಪತ್ರಿಕೆಯಲ್ಲೇ ಕೊಟ್ಟಿರ್ತಿದ್ರು. ಆದರೆ ಹರಾಜಿನಲ್ಲಿ ಹಳೇ ಜನರೇಟರ್ ಮುಂದೆ, ಲೇತ್ ಮುಂದೆ, ಇಲ್ಲಾ ಆಫೀಸೊಂದು ಮಾರಾಟಕ್ಕಿಟ್ಟ 50 ಲ್ಯಾಪ್‌ಟಾಪ್‌ಗಳ ಲಾಟ್ ಮುಂದೆ ನಿಂತಾಗ ಆ ಅಂಕಿ ಕೊಡೋಕೆ ಯಾರೂ ಇರಲ್ಲ. ನಾವೇ ಹೇಳಬೇಕು: ಇದು ಕೆಜಿ ಲೆಕ್ಕದ ಮಾಲೋ, ಇನ್ನೂ ದುಡಿಯೋ ಮಾಲೋ?

ಈ ಪ್ರಶ್ನೆಯನ್ನ ಇಡೀ ಜಗತ್ತು ಒಟ್ಟಿಗೆ ಕೇಳಿಕೊಂಡ ಕಾಲ ಒಂದಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಮೂರ್ನಾಲ್ಕು ವರ್ಷ. ಇವತ್ತಿನ ಕಥೆ ಆ ಕಾಲದ್ದು. ಶುರುವಾಗೋದು ಅಮೆರಿಕದಲ್ಲಿ, ಬಂದು ನಿಲ್ಲೋದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

1945ರಲ್ಲಿ ಯುದ್ಧ ನಿಂತಾಗ ಅಮೆರಿಕದ ಹತ್ತಿರ ಬೇಡವಾದ ವಿಮಾನಗಳು ಸಾವಿರಾರು ಇದ್ದವು. ಕೆಲವಂತೂ ಕಾರ್ಖಾನೆಯಿಂದ ಸೀದಾ ಯಾರ್ಡ್‌ಗೆ ಹೋದವು, ಒಂದೇ ಒಂದು ಯುದ್ಧ ನೋಡದೆ. ಅಲ್ಲಿನ ಸರ್ಕಾರ ಇವನ್ನ ಮಾರೋಕೆ ವಾರ್ ಅಸೆಟ್ಸ್ ಅಡ್ಮಿನಿಸ್ಟ್ರೇಷನ್ ಅಂತ ಒಂದು ಸಂಸ್ಥೆಯನ್ನೇ ಮಾಡ್ತು. ಬಿ-24 ಲಿಬರೇಟರ್ ಅನ್ನೋ ನಾಲ್ಕು ಎಂಜಿನ್‌ನ ಬಾಂಬರ್ ತಯಾರಾಗೋಕೆ 2 ಲಕ್ಷ ಡಾಲರ್‌ಗೂ ಹೆಚ್ಚು ಖರ್ಚಾಗ್ತಿತ್ತು. ಸರ್ಕಾರ ಅದಕ್ಕೆ ಇಟ್ಟ ಬೆಲೆ 13,750 ಡಾಲರ್. ಪಿ-38 ಫೈಟರ್‌ಗೆ 1,250 ಡಾಲರ್.

ಎಂಥ ಅಗ್ಗ ಅನ್ಸುತ್ತೆ ಅಲ್ವಾ? ಆದರೂ ಬಾಂಬರ್ ಕೊಳ್ಳೋರು ಸಿಗಲಿಲ್ಲ. ಯಾಕೆ ಅಂದ್ರೆ, ಅದನ್ನ ಇಟ್ಕೊಂಡು ಏನು ಮಾಡೋದು? ನಾಲ್ಕು ಎಂಜಿನ್ ಪೆಟ್ರೋಲ್ ಕುಡಿಯುತ್ತೆ. ಮೈಯೆಲ್ಲ ಬಾಂಬ್ ಹೊರೋಕೆ ಮಾಡಿದ್ದು, ಜನ ಕೂರೋಕಲ್ಲ. ಬೆಲೆ ಎಷ್ಟೇ ಇಳಿದರೂ ಬಳಸೋರು ಇಲ್ಲದ ಮಾಲಿಗೆ ಮರುಮಾರಾಟದ ಬೆಲೆ ಅಂತ ಇರಲ್ಲ. ಉಳಿಯೋದು ತೂಕ ಮಾತ್ರ.

ಹಾಗಾಗಿ ತೂಕದ ಲೆಕ್ಕದವರು ಬಂದರು. ಅರಿಜೋನಾದ ಕಿಂಗ್‌ಮನ್ ಅನ್ನೋ ಊರಿನ ಯಾರ್ಡ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ವಿಮಾನ ನಿಂತಿದ್ದವು. 1946ರಲ್ಲಿ ಮಾರ್ಟಿನ್ ವುಂಡರ್‌ಲಿಕ್ ಅನ್ನೋ ಗುತ್ತಿಗೆದಾರ ಅವನ್ನ ಒಟ್ಟಾಗಿ ಸುಮಾರು 27.8 ಲಕ್ಷ ಡಾಲರ್‌ಗೆ ಕೊಂಡ. ಭಾಗಿಸಿ ನೋಡಿ, ಒಂದಕ್ಕೆ ಹತ್ತಿರತ್ತಿರ 500 ಡಾಲರ್. ಖಾಲಿ ಲಿಬರೇಟರ್ ಒಂದರ ತೂಕವೇ 16 ಟನ್, ಬಹುಪಾಲು ಅಲ್ಯೂಮಿನಿಯಂ. ಅವನು ಅಲ್ಲೇ ಕುಲುಮೆ ಹಾಕಿ, ವಿಮಾನಗಳನ್ನ ತುಂಡು ಮಾಡಿ, ಕರಗಿಸಿ, ಗಟ್ಟಿ ಮಾಡಿ ಕಳಿಸಿದ. ಅವನ ಲೆಕ್ಕದಲ್ಲಿ ರೆಕ್ಕೆ, ಬಾಲ, ಕಾಕ್‌ಪಿಟ್ ಎಲ್ಲ ಒಂದೇ: ಲೋಹ.

ಅದೇ ವರ್ಷ ಪಾಲ್ ಮ್ಯಾಂಟ್ಜ್ ಅನ್ನೋ ಹಾಲಿವುಡ್ ಸ್ಟಂಟ್ ಪೈಲಟ್ ಒಕ್ಲಹೋಮಾದಲ್ಲಿ 475 ವಿಮಾನಗಳ ಒಂದು ಲಾಟ್ ಎತ್ತಿದ. ಕೊಟ್ಟಿದ್ದು 55 ಸಾವಿರ ಡಾಲರ್, ಅಂದ್ರೆ ಒಂದಕ್ಕೆ 116 ಡಾಲರ್. ಟ್ಯಾಂಕ್‌ಗಳಲ್ಲಿ ಉಳಿದಿದ್ದ ಪೆಟ್ರೋಲ್ ಮಾರಿಯೇ ಹಾಕಿದ ದುಡ್ಡು ವಾಪಸ್ ಮಾಡಿಕೊಂಡ ಅಂತ ವಿಮಾನಪ್ರಿಯರು ಇವತ್ತಿಗೂ ಹೇಳ್ತಾರೆ. ಸಿನಿಮಾಗೆ ಬೇಕಾದ ಕೆಲವನ್ನ ಇಟ್ಕೊಂಡ, ಮಿಕ್ಕಿದ್ದನ್ನ ಗುಜರಿಗೆ ಹಾಕಿದ. ಗಮನಿಸಿ: ವುಂಡರ್‌ಲಿಕ್‌ಗೆ ಒಂದೇ ದಾರಿ ಇತ್ತು, ಮ್ಯಾಂಟ್ಜ್‌ಗೆ ಎರಡು. ಯಾವುದು ತನಗೆ ದುಡಿಯುತ್ತೆ, ಯಾವುದು ದುಡಿಯಲ್ಲ ಅಂತ ಅವನಿಗೆ ಗೊತ್ತಿತ್ತು.

ಈಗ ನಮ್ಮ ಕಡೆ ಬರೋಣ.

ಭಾರತದಲ್ಲೂ ಯುದ್ಧ ಬಿಟ್ಟುಹೋದ ಮಾಲು ಬೇಕಾದಷ್ಟಿತ್ತು. ಅದರಲ್ಲಿ ಎಲ್ಲರಿಗೂ ಬೇಕಾಗಿದ್ದು ಡಕೋಟಾ. ಎರಡೇ ಎಂಜಿನ್, ಹುಲ್ಲಿನ ಮೈದಾನದಲ್ಲೂ ಇಳಿಯುತ್ತೆ, ಸರಕೂ ಹೊರುತ್ತೆ, ಸೀಟು ಹಾಕಿದರೆ ಜನರನ್ನೂ ಹೊರುತ್ತೆ. ಜಗತ್ತಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ತಯಾರಾಗಿದ್ದರಿಂದ ಬಿಡಿಭಾಗ ಎಲ್ಲಿ ಹೋದರೂ ಸಿಗ್ತಿತ್ತು, ಓಡಿಸಲು ಪೈಲಟ್‌ಗಳೂ ಸಿಗ್ತಿದ್ದರು. ಇದು ನಿಜವಾದ ಮರುಮಾರಾಟದ ಮಾಲು. ನಮ್ಮ ಖಾಸಗಿ ಏರ್‌ಲೈನ್‌ಗಳು ಇವನ್ನ ಕೊಂಡವು. ಬೆಂಗಳೂರಿನ ಎಚ್‌ಎಎಲ್ ಇವನ್ನ ಪ್ರಯಾಣಿಕರ ವಿಮಾನಗಳಾಗಿ ಬದಲಾಯಿಸಿಕೊಡ್ತು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನ ಇಳಿಸಿದ್ದೂ ಡಕೋಟಾಗಳೇ, ಆ ಕೆಲಸಕ್ಕೆ ಖಾಸಗಿ ಏರ್‌ಲೈನ್‌ಗಳ ಡಕೋಟಾಗಳೂ ಹೋದವು. 1953ರಲ್ಲಿ ಎಂಟು ಕಂಪನಿ ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದಾಗ ಅದಕ್ಕೆ ಬಂದ 99 ವಿಮಾನಗಳಲ್ಲಿ 74 ಡಕೋಟಾಗಳಿದ್ದವು.

ಆದರೆ ಇದಕ್ಕೊಂದು ಕಹಿ ಮಗ್ಗುಲೂ ಇದೆ. ವಿಮಾನ ಅಗ್ಗ ಅಂತ ಬಹಳ ಜನ ಏರ್‌ಲೈನ್ ಶುರು ಮಾಡಿದರು. ಕೊಳ್ಳೋ ಬೆಲೆ ಅಗ್ಗ ಇತ್ತು, ಓಡಿಸೋ ಬೆಲೆ ಅಗ್ಗ ಇರಲಿಲ್ಲ. ಇಂಧನ, ಪೈಲಟ್ ಸಂಬಳ, ದುರಸ್ತಿ ಯಾವುದಕ್ಕೂ ಡಿಸ್ಕೌಂಟ್ ಇಲ್ಲ. ಕೆಲವು ಕಂಪನಿಗಳು ಕೆಲವೇ ವರ್ಷದಲ್ಲಿ ಬಾಗಿಲು ಹಾಕಿದವು. ಮಾಲು ಒಳ್ಳೇದೇ, ಕೊಂಡವರ ಲೆಕ್ಕ ತಪ್ಪಿತ್ತು.

ಈಗ ಲಿಬರೇಟರ್ ಕಥೆಗೆ ವಾಪಸ್. ಕಿಂಗ್‌ಮನ್‌ನಲ್ಲಿ ಕರಗಿಸಿದರಲ್ಲ, ಅದೇ ಜಾತಿಯ ಸುಮಾರು ನೂರು ಬಾಂಬರ್‌ಗಳು ಕಾನ್ಪುರದ ವಾಯುನೆಲೆಯಲ್ಲಿ ನಿಂತಿದ್ದವು. ಬ್ರಿಟಿಷ್ ವಾಯುಪಡೆಗೆ ಅಮೆರಿಕ ಲೆಂಡ್-ಲೀಸ್ ಒಪ್ಪಂದದಲ್ಲಿ, ಅಂದ್ರೆ ಎರವಲಾಗಿ ಕೊಟ್ಟಿದ್ದು. ಯುದ್ಧ ಮುಗಿದ ಮೇಲೆ ಇಟ್ಕೊಳ್ಳಬೇಕಂದ್ರೆ ದುಡ್ಡು ಕೊಡಬೇಕು. ವಾಪಸ್ ತಗೊಂಡು ಹೋಗೋಕೆ ಅಮೆರಿಕಕ್ಕೂ ಬೇಡ. ಹಾಗಾಗಿ ಮತ್ತೆ ಹಾರದ ಹಾಗೆ ಅವನ್ನ ಕೆಡಿಸಿಟ್ಟು ಹೋದರು. ಮೈಗೆ ತೂತು ಹೊಡೆದರು, ಮೀಟರ್‌ಗಳನ್ನ ಒಡೆದರು, ಎಂಜಿನ್‌ಗೆ ಮರಳು ಸುರಿದರು. ಕಾಗದದ ಮೇಲೂ ಗುಜರಿ, ಕಣ್ಣಿಗೂ ಗುಜರಿ.

ಆದರೆ ಆ ಹೊತ್ತಿಗೆ ಭಾರತಕ್ಕೆ ಬಾಂಬರ್ ತುರ್ತಾಗಿ ಬೇಕಿತ್ತು. ಕಾಶ್ಮೀರದಲ್ಲಿ ಯುದ್ಧ ನಡೀತಿತ್ತು. ಸರಕು ಸಾಗಿಸೋ ಡಕೋಟಾಗಳಿಂದಲೇ ಬಾಂಬ್ ಉರುಳಿಸೋ ಪರಿಸ್ಥಿತಿ. ಅಮೆರಿಕದ ರೈತನಿಗೋ ವ್ಯಾಪಾರಿಗೋ ಬೇಡವಾಗಿದ್ದ ವಿಮಾನಕ್ಕೆ ಇಲ್ಲಿ ಒಬ್ಬ ಗಿರಾಕಿ ಹುಟ್ಟಿದ್ದ, ಅದೂ ಒಂದು ದೇಶ.

ಗಿರಾಕಿ ಇದ್ದರೆ ಸಾಲದು, ಕೈಯೂ ಬೇಕು. ಆ ಕೈ ಬೆಂಗಳೂರಲ್ಲಿತ್ತು. 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಬೆಂಬಲದಿಂದ ವಾಲ್‌ಚಂದ್ ಹೀರಾಚಂದ್ ಶುರು ಮಾಡಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಯುದ್ಧದ ಕಾಲದಲ್ಲಿ ಅಮೆರಿಕನ್ ವಿಮಾನಗಳ ದೊಡ್ಡ ರಿಪೇರಿ ಡಿಪೋ ಆಗಿತ್ತು. ಸಾವಿರಾರು ಕೆಲಸಗಾರರು ಅಲ್ಲಿ ಅಮೆರಿಕನ್ ವಿಮಾನ ಬಿಚ್ಚಿ, ಜೋಡಿಸಿ ಕಲಿತಿದ್ದರು. 1948ರಲ್ಲಿ ಕಾನ್ಪುರದ ಆ ರಾಶಿ ನೋಡಿದಾಗ ಬೇರೆಯವರಿಗೆ ಅಲ್ಯೂಮಿನಿಯಂ ಕಂಡಿರಬಹುದು. ಇವರಿಗೆ ಬಿಡಿಭಾಗಗಳ ಗೋದಾಮು ಕಾಣಿಸ್ತು. ಒಂದರ ರೆಕ್ಕೆ ಚೆನ್ನಾಗಿದೆ, ಇನ್ನೊಂದರ ಎಂಜಿನ್ ಚೆನ್ನಾಗಿದೆ. ಇದರಿಂದ ತೆಗೆದು ಅದಕ್ಕೆ ಹಾಕಿದರು. ಹಾರೋಕೆ ಎಷ್ಟು ಬೇಕೋ ಅಷ್ಟನ್ನ ಕಾನ್ಪುರದಲ್ಲೇ ಸರಿ ಮಾಡಿದರು. ಆಮೇಲೆ ಎಚ್‌ಎಎಲ್‌ನ ಪೈಲಟ್ ಜಮ್‌ಶೆಡ್ ಮುನ್ಶಿ ಒಂದೊಂದಾಗಿ ಅವನ್ನ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಮರಳು ತುಂಬಿದ್ದ ಎಂಜಿನ್‌ಗಳ ಇತಿಹಾಸ ಇರೋ ವಿಮಾನದಲ್ಲಿ ಅರ್ಧ ದೇಶ ದಾಟಿ ಬರೋದು ಅಂದ್ರೆ ಯೋಚನೆ ಮಾಡಿ. ಪೂರ್ತಿ ದುರಸ್ತಿ ನಡೆದದ್ದು ಬೆಂಗಳೂರಲ್ಲಿ.

ಹೀಗೆ ಎದ್ದು ನಿಂತವು ಒಟ್ಟು 42. 1948ರ ನವೆಂಬರ್‌ನಲ್ಲಿ ವಾಯುಪಡೆಯ ಐದನೇ ಸ್ಕ್ವಾಡ್ರನ್ ಇದೇ ಲಿಬರೇಟರ್‌ಗಳಿಂದ ಶುರುವಾಯ್ತು. ಆಮೇಲೆ ಆರನೇ ಸ್ಕ್ವಾಡ್ರನ್ ಇವುಗಳಲ್ಲಿ ಸಮುದ್ರದ ಮೇಲೆ ಕಾವಲು ಹಾರಾಟ ಮಾಡ್ತು. ಕೊನೆಯವು ನಿವೃತ್ತಿಯಾಗಿದ್ದು 1968ರಲ್ಲಿ. ಗುಜರಿ ಅಂತ ಬಿಟ್ಟುಹೋದದ್ದು ಇನ್ನೂ 20 ವರ್ಷ ದುಡೀತು!

ಇಲ್ಲಿ ಒಂದು ಲೆಕ್ಕ ಮರೀಬೇಡಿ. ಸುಮಾರು ನೂರರಲ್ಲಿ ಹಾರಿದ್ದು 42. ಅರ್ಧಕ್ಕಿಂತ ಹೆಚ್ಚು ವಿಮಾನ ಹಾರಲೇ ಇಲ್ಲ. ಹಳೇ ಮಾಲಿಗೆ ಎರಡಲ್ಲ, ಮೂರು ಬೆಲೆ ಇರುತ್ತೆ ಅನ್ನೋದು ಇಲ್ಲೇ ಗೊತ್ತಾಗೋದು. ಒಂದು, ತೂಕದ ಬೆಲೆ. ಎರಡು, ಬಿಡಿಭಾಗದ ಬೆಲೆ. ಮೂರು, ಇಡಿಯಾಗಿ ಓಡೋ ಮಷಿನ್‌ನ ಬೆಲೆ. ತೂಕದ ಬೆಲೆ ಯಾರು ಬೇಕಾದರೂ ಹೇಳ್ತಾರೆ, ತಕ್ಕಡಿ ಮತ್ತು ಅವತ್ತಿನ ರೇಟು ಸಾಕು. ಮಿಕ್ಕ ಎರಡು ಬೆಲೆ ಮಾಲಿನಲ್ಲಿ ಬರೆದಿರಲ್ಲ. ಅದು ಕೊಳ್ಳೋನ ತಲೇಲಿ, ಅವನ ಹತ್ತಿರ ಇರೋ ಮೆಕ್ಯಾನಿಕ್‌ನ ಕೈಯಲ್ಲಿ ಇರುತ್ತೆ.

ಹಾಗಾಗಿ ನಾಳೆ ಎಸ್.ಪಿ. ರೋಡ್‌ನಲ್ಲೋ, ಆನ್‌ಲೈನ್ ಹರಾಜಿನಲ್ಲೋ ನೀವು ಒಂದು ಲಾಟ್ ನೋಡಿದರೆ, ಮೊದಲು ತೂಕದ ಬೆಲೆ ಹಾಕಿ. ಎಲ್ಲವೂ ಕೈಕೊಟ್ಟರೆ ನಿಮಗೆ ವಾಪಸ್ ಬರೋದು ಅಷ್ಟೇ, ಅದರಲ್ಲೂ ಲಾರಿ ಬಾಡಿಗೆ, ಕೂಲಿ ಕಳೀಬೇಕು. ಅದಕ್ಕಿಂತ ಹೆಚ್ಚು ಕೊಡೋ ಪ್ರತಿ ರೂಪಾಯಿಗೂ ಮೂರು ಪ್ರಶ್ನೆ ಕೇಳಿ. ಇದನ್ನ ಇವತ್ತಿಗೂ ಬಳಸೋರು ಯಾರು? ಇದರ ಬಿಡಿಭಾಗ ಸಿಗುತ್ತಾ, ಇಲ್ಲಾ ಈ ಲಾಟ್‌ನಲ್ಲೇ ಇದೆಯಾ? ಇದನ್ನ ಬಿಚ್ಚಿ ಜೋಡಿಸೋ ಕೈ ನನ್ನ ಹತ್ತಿರ ಇದೆಯಾ? ಕಿಂಗ್‌ಮನ್‌ನಲ್ಲಿ ಮೊದಲ ಪ್ರಶ್ನೆಗೇ ಉತ್ತರ ಇರಲಿಲ್ಲ. ಕಾನ್ಪುರದಲ್ಲಿ ಮೂರಕ್ಕೂ ಇತ್ತು. ವಿಮಾನ ಮಾತ್ರ ಎರಡೂ ಕಡೆ ಒಂದೇ.

ಕೊನೆಯದಾಗಿ ಒಂದು ವಿಷಯ. ಅಮೆರಿಕದಲ್ಲಿ 18 ಸಾವಿರಕ್ಕೂ ಹೆಚ್ಚು ಲಿಬರೇಟರ್ ತಯಾರಾದವು. ಇವತ್ತು ಉಳಿದಿರೋದು ಬೆರಳೆಣಿಕೆಯಷ್ಟು. ಅದರಲ್ಲಿ ಹಲವು ಭಾರತದಿಂದ ಹೋದವು. ದೆಹಲಿಯ ಪಾಲಂ ವಾಯುಪಡೆ ಮ್ಯೂಸಿಯಂನಲ್ಲಿ ಒಂದಿದೆ, ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ ಒಂದಿದೆ, ಅಮೆರಿಕದ ಅರಿಜೋನಾದ ಪಿಮಾ ಮ್ಯೂಸಿಯಂನಲ್ಲಿ ಇನ್ನೊಂದಿದೆ. ಹೌದು, ಅದೇ ಅರಿಜೋನಾ, ಕಿಂಗ್‌ಮನ್ ಇರೋ ರಾಜ್ಯ. ಸಾವಿರಾರು ಬಾಂಬರ್ ಕರಗಿಸಿದ ರಾಜ್ಯಕ್ಕೆ ಮ್ಯೂಸಿಯಂನಲ್ಲಿ ನಿಲ್ಲಿಸೋಕೆ ಒಂದು ಲಿಬರೇಟರ್ ಭಾರತದಿಂದ ಹೋಯ್ತು.

ಇವತ್ತಿಗೆ ಇಷ್ಟೇ. ನಿಮ್ಮ ಮನೇಲಿ, ಅಂಗಡೀಲಿ ಗುಜರಿಯಿಂದ ಬಂದು ಇನ್ನೂ ದುಡೀತಿರೋ ಮಷಿನ್ ಇದ್ದರೆ ಅದರ ಕಥೆ ನಮಗೆ ಕಳಿಸಿ.