ಮಜ್ಜಿಗೆ ಹುಲ್ಲು ಮತ್ತು ವಾಂತಿಭೇದಿ

ಪುಣೆಯಲ್ಲಿ ಮಳೆಗಾಲ ಹಿಡಿಯಿತೆಂದರೆ ಮಂಡೈಯ ತರಕಾರಿಯವರ ಬಳಿ ಶುಂಠಿ, ಪುದೀನಗಳ ಪಕ್ಕದಲ್ಲಿ ಉದ್ದನೆಯ ಹಸಿರು ಹುಲ್ಲಿನ ಕಟ್ಟುಗಳು ಬಂದು ಕೂರುತ್ತವೆ. ಮರಾಠಿಗರು ಇದನ್ನು ಗವತಿ ಚಹಾ ಎನ್ನುತ್ತಾರೆ, ಗುಜರಾತಿಗಳು ಲೀಲಿ ಚಾ ಎನ್ನುತ್ತಾರೆ. ಸಿರಸಿಯ ಕಡೆಯವನಾದ ನನಗೆ ಅದು ಮಜ್ಜಿಗೆ ಹುಲ್ಲು. ತಿಕ್ಕಿದರೆ ನಿಂಬೆಯ ಪರಿಮಳ. ಆದರೆ ನಿಂಬೆಗೂ ಇದಕ್ಕೂ ನಂಟಿಲ್ಲ, ಚಹಾ ಗಿಡಕ್ಕೂ ಇಲ್ಲ. ಜೋಳ, ಕಬ್ಬುಗಳ ಬಳಗಕ್ಕೆ ಸೇರಿದ್ದು. ನೆಗಡಿಗೆ, ಮೈ ಬೆವರಿಸಲು, ಹೊಟ್ಟೆಯುಬ್ಬರಕ್ಕೆ ಇದರ ಕಷಾಯವನ್ನು ಕುಡಿಯದ ಮನೆ ಇಲ್ಲಿ ಅಪರೂಪ.

ಕೆಲವು ವರ್ಷಗಳ ಹಿಂದಿನ ಮಾತು. ಮೂರು ವರ್ಷದ ಮಗಳಿಗೆ ವಾಂತಿಭೇದಿ ಹತ್ತಿತು. ಊರಿಂದ ಬಂದಿದ್ದ ನನ್ನ ತಾಯಿ ಕುಂಡದಲ್ಲಿದ್ದ ಇದೇ ಹುಲ್ಲಿನ ಕಷಾಯವನ್ನು ಚಮಚದಲ್ಲಿ ಕುಡಿಸಿದರು. ಬೇರೆ ನೀರು ಕೊಟ್ಟರೆ ಭೇದಿ ಹೆಚ್ಚಾಗುತ್ತದೆಂದು ತಡೆದರು. ಬಿ.ಎಸ್‌ಸಿ. ಓದಿದ ನಾನೂ ಸುಮ್ಮನಿದ್ದೆ. ಎರಡನೆಯ ದಿನ ಮಗುವಿನ ಕಣ್ಣು ಗುಳಿಬಿದ್ದಾಗ ಡಾಕ್ಟರರ ಬಳಿಗೆ ಓಡಿದೆವು. ಅವರು ಏನು ಔಷಧ ಕೊಟ್ಟಿರಿ ಎಂದು ಕೇಳಲಿಲ್ಲ. ಎಷ್ಟು ನೀರು ಕುಡಿದಿದ್ದಾಳೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮಗು ಉಳಿಯಿತು.

ಆಮೇಲೆ ಹಳೆಯ ಪುಸ್ತಕಗಳನ್ನು ತಿರುವಿದಾಗ ತಿಳಿದದ್ದು, ತಾಯಿಯವರ ಚಿಕಿತ್ಸೆಗೆ ಒಮ್ಮೆ ಸರಕಾರದ ಮುದ್ರೆಯೇ ಇತ್ತೆಂದು! 1868ರಲ್ಲಿ ಆಂಗ್ಲ ಆಡಳಿತ ಹೊರಡಿಸಿದ 'ಫಾರ್ಮಕೋಪಿಯಾ ಆಫ್ ಇಂಡಿಯಾ' ಎಂಬ ಔಷಧಕೋಶದಲ್ಲಿ ಈ ಹುಲ್ಲಿನ ಎಣ್ಣೆಗೂ ಸ್ಥಾನ ಸಿಕ್ಕಿತು. ಅದನ್ನು ಸಂಪಾದಿಸಿದ ಎಡ್ವರ್ಡ್ ಜಾನ್ ವಾರಿಂಗ್ ತಿರುವಾಂಕೂರಿನಲ್ಲಿ ವೈದ್ಯನಾಗಿದ್ದವನು. ಆ ಸೀಮೆಯಲ್ಲಿಯೇ ಹುಲ್ಲನ್ನು ಬಟ್ಟಿಯಿಳಿಸಿ ಎಣ್ಣೆ ತೆಗೆಯುತ್ತಿದ್ದರು. ಹೊಟ್ಟೆಯ ವಾಯುವಿಗೆ, ವಾಂತಿಗೆ, ಕಾಲರಾಕ್ಕೂ ಕೆಲವು ಹನಿ ಕೊಡಬಹುದೆಂದು ಆ ಕಾಲದ ವೈದ್ಯರ ಮತ. ನಗುವಂತಿಲ್ಲ. ಪಂಢರಪುರದ ಜಾತ್ರೆಯೆಂದರೆ ಕಾಲರಾದ ಭಯವಿದ್ದ ದಿನಗಳವು. ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಕಾಲರಾದ ರೋಗಾಣುವನ್ನು ಗುರುತಿಸಿದ್ದು 1884ರಲ್ಲಿ. ಕಾರಣವೇ ತಿಳಿಯದಿದ್ದಾಗ ಹೊಟ್ಟೆಯ ಸಂಕಟ ತಗ್ಗಿಸುವ ಯಾವುದೂ ಮದ್ದೇ.

ಕಾಲರಾ ರೋಗಿಯನ್ನು ಕೊಲ್ಲುವುದು ಮುಖ್ಯವಾಗಿ ಮೈಯಿಂದ ಹರಿದುಹೋಗುವ ನೀರು ಮತ್ತು ಲವಣ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಬಾಟಲಿಗಳು ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬೀಸ್ ಗ್ಲೂಕೋಸು, ಉಪ್ಪು, ಸೋಡಾ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 3.6ಕ್ಕೆ ಇಳಿಯಿತು. ಮನೆಯಲ್ಲಿಯಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು, ಎರಡನ್ನೂ ಚಮಚದ ಮಟ್ಟಕ್ಕೆ ಅಳೆದು. ನಮ್ಮ ಕಷಾಯದ ತಪ್ಪು ಹುಲ್ಲಿನದಲ್ಲ. ಅದನ್ನು ಚಮಚದಲ್ಲಿ ಅಳೆದು, ನೀರನ್ನು ತಡೆದದ್ದು.

ರಸಾಯನಶಾಸ್ತ್ರ ಓದಿದವನಾದ್ದರಿಂದ ಒಂದು ಮಾತು ಹೇಳದೆ ಇರಲಾರೆ. ಈ ಎಣ್ಣೆಯ ನಿಂಬೆವಾಸನೆಗೆ ಕಾರಣ ಸಿಟ್ರಲ್. ಎಣ್ಣೆಯ ಮುಕ್ಕಾಲು ಭಾಗ ಅದೇ. 1893ರಲ್ಲಿ ಜರ್ಮನಿಯ ಟೀಮನ್ ಮತ್ತು ಕ್ರೂಗರ್ ಸಿಟ್ರಲ್‌ನಿಂದ ಅಯೋನೋನ್ ತಯಾರಿಸಿದರು, ಅದು ವಯೊಲೆಟ್ ಹೂವಿನ ಕಂಪು. 1947ರಲ್ಲಿ ಸ್ವಿಟ್ಜರ್ಲೆಂಡಿನ ಇಸ್ಲರ್ ಅವರ ತಂಡ ಅಯೋನೋನ್‌ನಿಂದ 'ಎ' ಜೀವಸತ್ವವನ್ನು ಕಟ್ಟಿತು. ಕಾಲರಾಕ್ಕೆ ಉಪಯೋಗಕ್ಕೆ ಬಾರದ ಎಣ್ಣೆ ಇರುಳುಗುರುಡಿನ ಮದ್ದಿಗೆ ಕಚ್ಚಾಮಾಲಾಯಿತು. 1951ರಲ್ಲಿ ಕೇರಳದ ಓಡಕ್ಕಾಲಿಯಲ್ಲಿ ಈ ಹುಲ್ಲಿಗಾಗಿಯೇ ಸಂಶೋಧನಾ ಕೇಂದ್ರ ತೆರೆಯಿತು.

ನಮ್ಮ ಬಾಲ್ಕನಿಯ ಕುಂಡ ಈಗಲೂ ಇದೆ. ನೆಗಡಿಯಾದರೆ ನಾನೇ ಮೊದಲು ಅದರ ಬಳಿಗೆ ಹೋಗುವವನು. ಎಲೆಯ ಅಂಚು ಬೆರಳು ಕೊಯ್ಯುತ್ತದೆ, ಕತ್ತರಿಯಿಂದಲೇ ಕತ್ತರಿಸಬೇಕು. ಎಲೆ ಹಾಕಿದ ಮೇಲೆ ಪಾತ್ರೆಗೆ ತಟ್ಟೆ ಮುಚ್ಚಿ. ಇಲ್ಲದಿದ್ದರೆ ಪರಿಮಳವೆಲ್ಲ ಆವಿಯ ಜೊತೆ ಪಕ್ಕದ ಮನೆಗೆ ಹೋಗುತ್ತದೆ.