ತತ್ವಪದ ಮತ್ತು ಸಮಾಜ: ಕೈವಾರದ ನಿದರ್ಶನ

ಕಲೆಯು ಸಮಾಜದ ಮೇಲೆ ಬೀರುವ ಪ್ರಭಾವವನ್ನು ವಿವೇಚಿಸುವಾಗ ಇತಿಹಾಸಕಾರನ ದೃಷ್ಟಿ ಮೊದಲು ಶಿಲ್ಪದತ್ತ ಹರಿಯುವುದು ಸಹಜ. ಚಿಕ್ಕಬಳ್ಳಾಪುರದ ಸಮೀಪದ ನಂದಿಯ ಭೋಗನಂದೀಶ್ವರ ದೇವಾಲಯದ ಚರಿತ್ರೆಯನ್ನು 9ನೆಯ ಶತಮಾನದ ಆರಂಭದ ಶಾಸನಗಳಿಂದಲೇ ಗುರುತಿಸಬಹುದು. ಆದರೆ ಅಕ್ಷರಜ್ಞಾನವಿಲ್ಲದ ಜನಸಮೂಹದ ಮನಸ್ಸನ್ನು ರೂಪಿಸಿದ ಕಲೆಗೆ ಇಂತಹ ಶಾಸನಗಳ ಆಧಾರವಿಲ್ಲ. ಅದನ್ನು ಅರಿಯಲು ನಾವು ಚಿಂತಾಮಣಿ ತಾಲ್ಲೂಕಿನ ಕೈವಾರದತ್ತ ತಿರುಗಬೇಕು.

ಜನರು ಕೈವಾರ ತಾತಯ್ಯನೆಂದು ಕರೆಯುವ ಯೋಗಿ ನಾರೇಯಣರ ಜೀವಿತಕಾಲವು 1726ರಿಂದ 1836ರವರೆಗೆಂದು ಸಂಪ್ರದಾಯವು ಹೇಳುತ್ತದೆ. ಈ 110 ವರ್ಷಗಳ ಆಯುಸ್ಸನ್ನು ನಾವು ಸಂಪ್ರದಾಯದ ಮಾತಾಗಿಯೇ ಸ್ವೀಕರಿಸತಕ್ಕದ್ದು. ಅವರು ಬಳೆ ಮಾರಿ ಜೀವಿಸುತ್ತಿದ್ದ ಗೃಹಸ್ಥರಾಗಿದ್ದರೆಂಬುದೂ ಅದರದೇ ನೆನಪು. ಆ ಕಾಲಾವಧಿಯಲ್ಲಿ ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆ ನಡೆದುಹೋಯಿತು. 1791ರಲ್ಲಿ ನಂದಿದುರ್ಗವು ಇಂಗ್ಲಿಷ್ ಸೈನ್ಯದ ವಶವಾಯಿತು. 1831ರಲ್ಲಿ ಮೈಸೂರಿನ ಆಡಳಿತವೇ ಬ್ರಿಟಿಷರ ಕೈ ಸೇರಿತು. ಇಷ್ಟೆಲ್ಲ ಪರಿವರ್ತನೆಗಳ ನಡುವೆಯೂ ತಾತಯ್ಯನವರ ಪದಗಳು ಬಾಯಿಂದ ಬಾಯಿಗೆ ಸಾಗಿಬಂದವು.

ಇದಕ್ಕೆ ಕಾರಣವನ್ನು ಹಾಡಿಕೆಯ ಕ್ರಮದಲ್ಲಿಯೇ ಕಾಣಬಹುದು. ಭಜನೆಯಲ್ಲಿ ಮುಂದಾಳು ಹಾಡಿದ ಸಾಲನ್ನು ಕುಳಿತವರೆಲ್ಲರೂ ಮರಳಿ ಹಾಡುತ್ತಾರೆ. ಕೇಳುಗನೇ ಹಾಡುಗನಾಗುವುದರಿಂದ ವಿಚಾರವು ಉಪದೇಶವಾಗಿ ಹೊರಗೆ ನಿಲ್ಲದೆ ನೆನಪಿನಲ್ಲಿ ನೆಲೆಸುತ್ತದೆ. ಗೌರಿಬಿದನೂರು, ಶಿಡ್ಲಘಟ್ಟಗಳನ್ನೊಳಗೊಂಡ ಈ ಸೀಮೆಯಲ್ಲಿ ತೆಲುಗು ಕನ್ನಡಗಳೆರಡೂ ಮನೆಮಾತುಗಳು. ತಾತಯ್ಯನವರ ರಚನೆಗಳೂ ಎರಡು ಭಾಷೆಗಳಲ್ಲಿವೆ.

ಆದರೆ ಪ್ರಭಾವವನ್ನು ಅತಿಶಯಗೊಳಿಸುವುದು ಸಲ್ಲದು. ಕುಲದ ಹಮ್ಮನ್ನೂ ಆಚಾರದ ಆಡಂಬರವನ್ನೂ ನಿರಾಕರಿಸುವ ಪದಗಳು ಕೇಳಿಬಂದ ಊರುಗಳಲ್ಲಿಯೇ ಜಾತಿಭೇದವೂ ಮುಂದುವರಿಯಿತು. ಹಾಗಾದರೆ ಹಾಡು ನಿಷ್ಫಲವಾಯಿತೆ? ಹಾಗೆನ್ನಲು ನಮ್ಮ ಮನಸ್ಸು ಒಪ್ಪದು. ಇರುವ ವ್ಯವಸ್ಥೆಯೇ ಸರಿಯೆಂಬ ನಂಬಿಕೆ ಪೂರ್ಣವಾಗಿ ಬೇರೂರದಂತೆ, ಅದನ್ನು ಅಳೆಯುವ ಒಂದು ಮಾನದಂಡವನ್ನು ಅದು ಜನರ ನಾಲಗೆಯ ಮೇಲೆ ಉಳಿಸಿತು. ಸಮಾಜವನ್ನು ಕಲೆಯು ಒಡನೆಯೇ ಬದಲಿಸಲಾರದು. ಬದಲಾವಣೆಯನ್ನು ಬಯಸುವವರಿಗೆ ಬೇಕಾದ ಮಾತನ್ನು ಮಾತ್ರ ಅದು ಕಾಪಾಡಿಕೊಡಬಲ್ಲದು.

1956ರ ಪುನರ್ವಿಂಗಡಣೆಯ ಬಳಿಕ ರಾಜ್ಯಗಳಂತೆ ಸಾಹಿತ್ಯಚರಿತ್ರೆಗಳಿಗೂ ಭಾಷೆಯೇ ಎಲ್ಲೆಯೆಂಬ ಭಾವನೆ ಬಲಿಯಿತು. ತೆಲುಗಿನವೆಂದು ಕನ್ನಡದವರೂ ಹೊರನಾಡಿನವೆಂದು ತೆಲುಗಿನವರೂ ಈ ಪದಗಳನ್ನು ಬಿಟ್ಟುಕೊಟ್ಟರೆ, ಒಂದು ಸಮಾಜದ ಅಂತರಂಗದ ದಾಖಲೆಯೇ ನಷ್ಟವಾದೀತು. ಎರಡು ಭಾಷೆಗಳನ್ನೂ ಬಲ್ಲ ವಿದ್ಯಾರ್ಥಿಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಚರಿಸಿ, ಹಾಡುವವರ ಎದುರಿನಲ್ಲಿಯೇ ಕುಳಿತು ಪದಗಳನ್ನು ಪಾಠಾಂತರಗಳೊಡನೆ ಬರೆದುಕೊಳ್ಳುವುದು ನಮ್ಮ ಮುಂದಿರುವ ಕರ್ತವ್ಯವಾಗಿದೆ.